ಮಗ ಏನೇನು ಮಾಡುತ್ತಾನೆ

ನನ್ನ ಮಗ ಇಪ್ಪತ್ತೆಂಟನೇ ವಾರಕ್ಕೇ ಹುಟ್ಟಿದ. ಒಂದು ಕಿಲೋ ರವೆಯ ಪಾಕೀಟಿನಷ್ಟೂ ತೂಗಲಿಲ್ಲ. ಎರಡೂವರೆ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿದ್ದು ಬೆಂಗೇರಿಯ ನಮ್ಮ ಮನೆಗೆ ಬಂದ. ಉಳಿದನಲ್ಲ, ಸಾಕು ಎಂದರು ಎಲ್ಲರೂ. ನನಗೆ ಸಾಕೆನಿಸಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮನನ್ನು ಬಿಡದೆ ಕೇಳಿದ್ದೆ, ಮುಂದೆ ಹೇಗೆ ಎಂದು.

"ನಡೀತಾನೋ, ಮಾತಾಡ್ತಾನೋ, ಸಾಲಿ ಕಲೀತಾನೋ, ಈಗ ಹೇಳಾಕ ಬರೂದಿಲ್ಲ ನೋಡ್ರಿ. ಮೂರು ತಿಂಗಳಿಗೊಮ್ಮೆ ಕರ್ಕೊಂಡ ಬರ್ರಿ. ಏನೇನ ಮಾಡ್ತಾನ ಅಂತ ಬರಕೋತ ಹೋಗೋಣು."

ವಯಸ್ಸನ್ನೂ ಅವನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಿಡಿಯಬೇಕಂತೆ. ಆಯಿತು ಎಂದೆ.

ನನ್ನ ಅತ್ತೆ ಮುಗದ ಎಂಬ ಹಳ್ಳಿಯವರು. ಕೂಸನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದವರು. ಚೆನ್ನಾಗಿ ನಿದ್ದೆ ಮಾಡುತ್ತದೆಯೇ ಎಂದು ಪಕ್ಕದ ಮನೆಯವರು ಕೇಳಿದರೆ "ಎಲ್ಲೀ ನಿದ್ದಿ" ಅನ್ನುವರು. ಎರಡು ಗುಟುಕು ಹೆಚ್ಚಿಗೆ ಕುಡಿದ ದಿನ "ಏನೂ ಕುಡ್ಯಾಂಗಿಲ್ಲ" ಅನ್ನುವರು. ಮನೆಯಲ್ಲಿ ಇದು ನಡೆಯುತ್ತಿತ್ತು. ಮೊದಲ ತಪಾಸಣೆಗೆ ಹೋದಾಗ ಅಲ್ಲೂ ಅದನ್ನೇ ಶುರು ಮಾಡಿದರು.

"ಮಾರಿ ನೋಡಿ ನಗತಾನೇನ್ರಿ?" ಎಂದರು ಡಾಕ್ಟರಮ್ಮ.

"ಎಲ್ಲೀದ್ರಿ, ಇಲ್ಲ" ಎಂದರು ಅತ್ತೆ.

"ಕುತ್ತಿಗಿ ನಿಲ್ಲಸ್ತಾನ?"

"ಇಲ್ರೀ ಯವ್ವಾ."

ಆಕೆ ಹಾಗೇ ಬರೆದುಕೊಳ್ಳುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. "ಅತ್ತೀ, ಸುಳ್ಳ ಯಾಕ ಹೇಳ್ತೀರಿ? ಮುಂಜಾನೆ ನಿಮ್ಮ ಮಾರಿ ನೋಡೇ ನಕ್ಕಾನಲ್ಲ" ಎಂದೆ. ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ಡಾಕ್ಟರಮ್ಮ ನಕ್ಕು, ಬರೆದದ್ದನ್ನು ಹೊಡೆದು ಹಾಕಿ, "ಖರೇ ಹೇಳ್ರಿ ಅಜ್ಜಿ. ಇದರ ಮ್ಯಾಲೇ ಮುಂದಿಂದು ತಿಳ್ಯೂದು" ಎಂದರು. ಮನೆ ಮುಟ್ಟುವ ತನಕ ಆಟೋದಲ್ಲಿ ಅತ್ತೆಗೆ ಬೈದೆ. ಅವರು ಸೆರಗಿನಿಂದ ಕೂಸಿನ ಮುಖ ಮುಚ್ಚಿಕೊಂಡು ಕೂತಿದ್ದರು.

ಅಂದಿನಿಂದ ಉತ್ತರ ಹೇಳುವುದು ನನ್ನ ಕೆಲಸವಾಯಿತು. ಅತ್ತೆ ಮಾತ್ರ ಪಕ್ಕದಲ್ಲಿ "ಇಲ್ಲ, ಇಲ್ಲ" ಎಂದು ಗೊಣಗುವುದನ್ನು ಬಿಡಲಿಲ್ಲ. ಎರಡನೇ ಸಲ ಹೋಗುವ ಹೊತ್ತಿಗೆ ನನಗೂ ಅದು ರೂಢಿಯಾಗಿ, ಅವರ "ಇಲ್ಲ" ಕೇಳಿದರೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಮೂರನೆಯ ತಪಾಸಣೆಗೆ, ಆಸ್ಪತ್ರೆಯ ಲೆಕ್ಕದಲ್ಲಿ ಒಂಬತ್ತು ತಿಂಗಳಿಗೆ, ನಾನು ಜಂಬದಿಂದಲೇ ಹೋದೆ. ನಮ್ಮ ಮನೆಯಲ್ಲಿ ಎಡಗೈ ಚಾಚಿದ ಮಕ್ಕಳಿಗೆ ಏಟು ಬೀಳುತ್ತದೆ. ನನ್ನ ಮಗನಿಗೆ ಅದೂ ಬೇಕಿರಲಿಲ್ಲ. "ಏನ ಕೊಟ್ಟರೂ ಬಲಗೈಲೇ ತಗೋತಾನ್ರಿ. ಕಲಸೂದ ಬ್ಯಾಡ" ಎಂದೆ.

ಡಾಕ್ಟರಮ್ಮನ ಪೆನ್ನು ನಿಂತಿತು. ಆಕೆ ಒಂದು ಕಟ್ಟಿಗೆಯ ಗುಂಡು ತೆಗೆದು ಅವನ ಎಡಕ್ಕೆ ಹಿಡಿದರು. ಅವನು ಇಡೀ ಮೈ ತಿರುಚಿ ಬಲಗೈ ಚಾಚಿದ. ಇನ್ನೊಮ್ಮೆ ಹಿಡಿದರು. ಮತ್ತೆ ಬಲಗೈ. ಎಡಗೈ ಮುಷ್ಟಿ ಕಟ್ಟಿಕೊಂಡು ಎದೆಯ ಹತ್ತಿರವೇ ಇತ್ತು. ಇಷ್ಟು ಚಿಕ್ಕ ಮಕ್ಕಳು ಎರಡೂ ಕೈ ಚಾಚಬೇಕು, ಒಂದೇ ಕೈ ಚಾಚಿದರೆ ಇನ್ನೊಂದರಲ್ಲಿ ಏನೋ ತೊಂದರೆ ಇರಬಹುದು ಎಂದು ಆಕೆ ಮೆಲ್ಲಗೆ ಹೇಳಿದರು.

"ಮನ್ಯಾಗ ಎಡಗೈ ಬಿಚ್ಚಿ ಆಡತಾನೇನ್ರಿ?"

ನಾನು ಬಾಯಿ ತೆರೆದೆ. ಅವನು ಎಡಗೈಯಲ್ಲಿ ಏನನ್ನಾದರೂ ಹಿಡಿದದ್ದು ಒಂದು ಸಲವೂ ನೆನಪಾಗಲಿಲ್ಲ.

"ಹೂಂನ್ರಿ" ಎಂದರು ಅತ್ತೆ. "ಛಲೋ ಆಡತಾನ. ಎರಡೂ ಕೈಲೆ ಆಡತಾನ."

ಆ ಕೋಣೆಯಲ್ಲಿ ಅವರು ಹೂಂ ಅಂದದ್ದು ಅದೇ ಮೊದಲು. ದಿನಾ ಮುಂಜಾನೆ ಅವನಿಗೆ ಎಣ್ಣೆ ಹಚ್ಚಿ ಎರೆಯುವವರು ಅವರು. ಆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ತೊಳೆಯುವವರೂ ಅವರೇ.

"ಹಂಗಾ ಬರಕೊಳ್ಳಲೇನ್ರಿ?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಸುಳ್ಳು ಯಾಕೆ ಹೇಳ್ತೀರಿ ಎಂದು ಗದರಿಸಲು ನನಗೆ ಬಾಯಿ ಬರಲಿಲ್ಲ.