ಅರಿಶಿಣ ಹತ್ತಿದ ಕಾರ್ಡು

ವಾಡಿಯ ಫೋಟೊಗ್ರಾಫರ್ ಭೀಮಶ್ಯಾ ಮಂಗಳವಾರ ಬೆಳಗಿನ ಜಾವ ಮಲಗಿದಲ್ಲೇ ತೀರಿಕೊಂಡ. ಹೃದಯಾಘಾತವೆಂದು ಡಾಕ್ಟರು ಹೇಳಿದರು.

ಮೂರನೆಯ ದಿನ, ಮನೆಯ ಮುಂದಿನ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ, ಸೇಡಂನ ಉದಯಕುಮಾರ ಬಂದು ನಿಂತ. ಭೀಮಶ್ಯಾನ ಹೆಂಡತಿ ಲುಂಬಿನಿಗೆ ಒಂದು ಸಮಾಧಾನದ ಮಾತೂ ಆಡಲಿಲ್ಲ. "ಸ್ಟುಡಿಯೊ ಚಾವಿ ಎಲ್ಲದ? ನಮ್ಮ ತಂಗಿ ಮದುವಿ ವಿಡಿಯೊ ಕಾರ್ಡ್ ಬೇಕಾಗ್ಯಾದ" ಅಂದ. ನನಗೆ ಹೇಸಿಗೆಯಾಯಿತು. ಈಗಲೂ ಆ ಹೇಸಿಗೆ ಹೋಗಿಲ್ಲ.

ನಾನು ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿದ್ದವನು. ಹೈದರಾಬಾದಿನಿಂದ ಬರುವ ಫಿಲ್ಮ್ ರೋಲುಗಳನ್ನು ಬಿಡಿಸಿಕೊಳ್ಳಲು ಬರುತ್ತಿದ್ದ ಭೀಮಶ್ಯಾ ಅಲ್ಲಿಂದಲೇ ಗೆಳೆಯನಾದ. ಅವನಿಗೆ ಬಹಳ ಸಂಗತಿಗಳು ಅಸಹ್ಯವಾಗುತ್ತಿದ್ದವು. ಮದುವೆಗೆ ಮುಂಚಿನ ವಿಡಿಯೊ ಎಂದು ಶಹಾಬಾದಿನ ಫರಸಿ ಕಲ್ಲಿನ ಖಣಿಯೊಳಗೆ ಬಣ್ಣದ ಹೊಗೆ ಬಿಟ್ಟುಕೊಂಡು ಓಡುವ ಜೋಡಿಗಳು, ಮಂಟಪದಲ್ಲಿ ಕುಳಿತೇ ರೀಲ್ ಕೇಳುವ ಬೀಗರು, ಅಸಲಿ ಕಂಪನಿ ಹೆಸರು ಅಂಟಿಸಿದ ನಕಲಿ ಮೆಮೊರಿ ಕಾರ್ಡುಗಳು. ಎಲ್ಲಕ್ಕೂ ಒಂದೇ ಮಾತು: "ಥೂ." ಆದರೆ ಕೆಲಸಕ್ಕೆ ಮಾತ್ರ ಎಂದೂ ಹೇಸಲಿಲ್ಲ.

ಉದಯಕುಮಾರನ ತಂಗಿ ಅಂಬಿಕಾಳ ಮದುವೆಯ ವಿಡಿಯೊ ಭೀಮಶ್ಯಾನೇ ತೆಗೆದಿದ್ದ. ಅರಿಶಿಣದ ದಿನ ಅಂಬಿಕಾ ಹಟ ಹಿಡಿದು, ವಿಧವೆಯಾದ ತಾಯಿ ಚಂದಮ್ಮನನ್ನು ಒಳಗಿನ ಕೋಣೆಯಿಂದ ಕರೆತಂದು ತನ್ನ ಕೆನ್ನೆಗೆ ಅರಿಶಿಣ ಹಚ್ಚಿಸಿಕೊಂಡಳು. ವಿಧವೆಯ ಕೈ ಅಶುಭವೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡಿನ ಕಡೆಯವರು ಈ ವಿಡಿಯೊ ನೋಡಬಾರದೆಂಬುದು ಅಣ್ಣನ ಚಿಂತೆ. ಮದುವೆಯಾಗಿ ಚಿಂಚೋಳಿಗೆ ಹೋದ ಅಂಬಿಕಾ ಭೀಮಶ್ಯಾನಿಗೆ ಫೋನು ಮಾಡಿ, "ಅಣ್ಣಾರೆ, ನಮ್ಮವ್ವ ಹಚ್ಚಿದ್ದು ಒಂದು ಉಳಸ್ರಿ. ಉಳಿದದ್ದು ಹೋದ್ರ ಹೋಗ್ಲಿ" ಅಂದಿದ್ದಳು.

ಭೀಮಶ್ಯಾ ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ ನಾನು ಸ್ಟುಡಿಯೊಗೆ ಹೋದಾಗ ಉದಯಕುಮಾರ ಕಂಪ್ಯೂಟರಿನ ಪಕ್ಕದಲ್ಲೇ ಕುಳಿತಿದ್ದ. ಕ್ಯಾಮೆರಾದಿಂದ ಕಂಪ್ಯೂಟರಿಗೆ ವಿಡಿಯೊ ಇಳಿಯುತ್ತಿತ್ತು, ಇಳಿಯುತ್ತಿರಲಿಲ್ಲ ಎನ್ನಬೇಕು. ಪರದೆಯ ಹಸಿರು ಪಟ್ಟಿ ಇದ್ದಲ್ಲೇ ಇತ್ತು.

"ಏ ಭೀಮಶ್ಯಾ, ಬೇಕಂತ ತಡಾ ಮಾಡ್ಲಿಕತ್ತೀ ಏನು?" ವಯಸ್ಸಿನಲ್ಲಿ ಭೀಮಶ್ಯಾನ ಮಗನಂತಿದ್ದವನ ಮಾತು ಇದು.

"ಬರ್ರಿ, ನೀವೇ ದಬ್ರಿ. ಹಿಂದಿಂದ ನೂಕಿದ್ರ ಓಡ್ತದೇನೋ."

"ಮಸ್ಕಿರಿ ಸಾಕು. ಎಲ್ಲಾ ಇಳಿದ ಮ್ಯಾಲ ನಮ್ಮವ್ವ ಅರಿಶಿಣ ಹಚ್ಚಿದ್ದು ನನ್ನ ಮುಂದ ಅಳಸು. ಕಾರ್ಡನೂ ಖಾಲಿ ಮಾಡು. ನಾಕು ಮಂದ್ಯಾಗ ಮಾನ ಹೋಗ್ತದ."

ಭೀಮಶ್ಯಾ ಕ್ಯಾಮೆರಾದ ವೈರು ಕಿತ್ತು, ಒಳಗಿನ ಮೆಮೊರಿ ಕಾರ್ಡು ತೆಗೆದು ಕಾರ್ಡ್ ರೀಡರಿಗೆ ಹಾಕಿದ. ಅದೇ ನಿಧಾನ. ರೀಡರನ್ನು ಕಂಪ್ಯೂಟರಿನ ಮುಂದಿನ ತೂತಿನಿಂದ ಹಿಂದಿನ, ವೇಗ ಹೆಚ್ಚಿನ ನೀಲಿ ತೂತಿಗೆ ಬದಲಿಸಿದ. ಸ್ವಲ್ಪ ಓಡಿ ನಿಂತಿತು. ಡಿಸ್ಕು ತುಂಬಿರಬಹುದೆಂದು ಹಳೆಯ ಫೈಲುಗಳನ್ನು ತೆಗೆದುಹಾಕಿದ. ಆಗಲೂ ಅಷ್ಟೇ. ಕೊನೆಗೆ ಅದೇ ರೀಡರಿಗೆ ಬೇರೊಂದು ಕಾರ್ಡು ಹಾಕಿದ. ಅದು ಸರ್ರನೆ ಇಳಿಯಿತು.

"ವೈರಿಂದಲ್ಲ, ಕಂಪ್ಯೂಟರಿಂದಲ್ಲ. ರೋಗ ಈ ಕಾರ್ಡಿನದು."

ಕಾದು ಬೇಸತ್ತ ಉದಯಕುಮಾರ, "ಮತ್ತ ಬರ್ತೀನಿ, ನಾ ಬರೂತನಾ ಯಾರಿಗೂ ಕೊಡಬ್ಯಾಡ" ಎಂದು ಗದರಿಸಿ ಎದ್ದು ಹೋದ.

ಸಾವಿನ ಮೂರನೆಯ ದಿನ ಅವನು ಬಂದದ್ದು ಅದಕ್ಕೇ. ಸ್ಟುಡಿಯೊ ತೆರೆಸಿ, ಭೀಮಶ್ಯಾನ ಕುರ್ಚಿಯಲ್ಲೇ ಕುಳಿತು, ಕಾರ್ಡಿನೊಳಗಿನ ತಾಯಿಯ ವಿಡಿಯೊ ಹುಡುಕಿದ. ಲುಂಬಿನಿ ಬಾಗಿಲಲ್ಲಿ ನಿಂತಿದ್ದಳು. ವಿಡಿಯೊ ಸಿಕ್ಕಿತು, ಅಳಿಸಲು ಆಗಲಿಲ್ಲ. ಎಷ್ಟು ಸಲ ಒತ್ತಿದರೂ ಕಂಪ್ಯೂಟರು ಒಪ್ಪಲಿಲ್ಲ. "ಥತ್, ಏನ್ ಮಾಡಿಟ್ಟಾನಿಂವ!" ಎಂದು ಮೊಬೈಲ್ ಅಂಗಡಿಯ ಚಾಂದ್‌ನನ್ನು ಕರೆಯಲು ಹೋದ. ಅವನು ಬರುವಷ್ಟರಲ್ಲಿ ಲುಂಬಿನಿ ಕಾರ್ಡು ತೆಗೆದು ನನ್ನ ಕೈಗಿಟ್ಟಳು. "ಚಿಂಚೋಳಿ ಬಸ್ ಹಿಡೀರಿ ಅಣ್ಣಾರೆ" ಅಂದಳು. ಚಿಂಚೋಳಿಯಲ್ಲಿ ಅಂಬಿಕಾ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಉದಯಕುಮಾರ ಈಗ ನನ್ನ ಮೇಲೆ ಕೇಸು ಹಾಕುತ್ತೇನೆ ಎನ್ನುತ್ತಿದ್ದಾನಂತೆ. ಹಾಕಲಿ.

ಆ ಸೋಮವಾರ ಸಂಜೆ ಉದಯಕುಮಾರ ಹೋದ ಮೇಲೆ ಭೀಮಶ್ಯಾ ಕಾರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದ. ತಳದ ಹೊಳೆಯುವ ಪಟ್ಟಿಗಳ ಮೇಲೆ ಹಳದಿ ಪದರ ಕಟ್ಟಿತ್ತು. ಮೂಸಿ ನೋಡಿ ಮುಖ ಕಿವುಚಿದ.

"ಅರಿಶಿಣ, ಎಣ್ಣಿ. ನೆಪ್ಪಾತು. ಅವತ್ತು ನಾ ಕಾರ್ಡ್ ಬದಲಿ ಮಾಡೂ ಹೊತ್ತಿನ್ಯಾಗ ಕ್ಯಾಮೆರಾ ಮಾಮಾಗೂ ಹಚ್ರಿ ಅಂತ ನನ್ನ ಕೈಗಿ ಮಾರಿಗಿ ಬಡದಾಂವ ಯಾರು ಗೊತ್ತದ?"

"ಯಾರು?"

"ಇವನೇ. ಉದ್ಯಾ. ನನಗ ಹಚ್ಚಿದ್ರ ನಗಿ. ಹಡೆದವ್ವ ಮಗಳಿಗಿ ಹಚ್ಚಿದ್ರ ಮಾನ ಹೋಗ್ತದ. ಥೂ!"

ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದ. ಒಣಗಿದ ಮೇಲೆ ರೀಡರಿಗೆ ಹಾಕಿ, ಚಂದಮ್ಮ ಅರಿಶಿಣ ಹಚ್ಚುವುದನ್ನು ತೆರೆದ. ಎಲ್ಲೂ ನಿಲ್ಲದೆ ಓಡಿತು. ಅಂಬಿಕಾ ತಾಯಿಯ ಕೈ ಬಿಡದೆ ಕೆನ್ನೆಗೆ ಒತ್ತಿ ಹಿಡಿದಿದ್ದಳು. ನಾವಿಬ್ಬರೂ ಪೂರ್ತಿ ನೋಡಿದೆವು.

"ಇಳಸೂದು ನಾಳಿಗಿ ಮಾಡ್ತೀನಿ ದೋಸ್ತ. ಎದಿ ಯಾಕೋ ಭಾರ ಆಗ್ಯಾದ."

ಕಾರ್ಡನ್ನು ಹೊರಗೆ ತೆಗೆದ. ಅದರ ಅಂಚಿನಲ್ಲಿ ಸಣ್ಣದೊಂದು ಗುಂಡಿ ಇರುತ್ತದೆ. ಕೆಳಗೆ ಸರಿಸಿದರೆ, ಮತ್ತೆ ಮೇಲೆ ಸರಿಸುವ ತನಕ ಒಳಗಿರುವುದನ್ನು ಯಾರೂ ಅಳಿಸಲಾರರು. ಭೀಮಶ್ಯಾ ಅದನ್ನು ಉಗುರಿನಿಂದ ಕೆಳಗೆ ಸರಿಸಿ, ಕಾರ್ಡನ್ನು ಮತ್ತೆ ರೀಡರಿಗೆ ಹಾಕಿದ.