ಬೋಗುಣಿ ಒಡೆದವನಿಗೆ ಮನೆ

ಶವಪೆಟ್ಟಿಗೆ ಇನ್ನೂ ಅಂಗಳದಲ್ಲಿದ್ದಾಗಲೇ ಚಿಕ್ಕಪ್ಪ ತನ್ನ ಮಗ ಚಾಂಗ್‌ಶೆಂಗನ ತಲೆಗೆ ಬಿಳಿ ಬಟ್ಟೆ ಸುತ್ತಿ, ಪೆಟ್ಟಿಗೆಯ ಮುಂದೆ ಮಂಡಿಯೂರಿಸಿದ. ಎದುರಿಗೆ ಮಣ್ಣಿನ ಬೋಗುಣಿ. ಸತ್ತವನ ಪರಲೋಕದ ಖರ್ಚಿಗೆಂದು ಕಾಗದದ ದುಡ್ಡು ಸುಟ್ಟು ಸುಟ್ಟು ಬೂದಿ ತುಂಬಿತ್ತು. ಪೆಟ್ಟಿಗೆ ಎತ್ತುವ ಹೊತ್ತಿಗೆ ಮಗನಾದವನು ಅದನ್ನು ನೆಲಕ್ಕೆ ಅಪ್ಪಳಿಸಬೇಕು. ಮಗನಿಲ್ಲದಿದ್ದರೆ ತಮ್ಮನ ಮಗ. ಶಾಂದೊಂಗ್ ಕಡೆಯ ಆ ಹಳ್ಳಿಯಲ್ಲಿ ಬೋಗುಣಿ ಒಡೆದವನಿಗೇ ಸತ್ತವನ ಮನೆ.

ಸತ್ತವನಿಗೆ ಇದ್ದದ್ದು ಒಬ್ಬಳೇ ಮಗಳು, ಫೆಂಗ್‌ಚಿನ್.

ಅಪ್ಪನಿಗೆ ಲಕ್ವ ಹೊಡೆದಾಗ ಚಿಕ್ಕಪ್ಪ ತನ್ನ ಮನೆಯಲ್ಲಿ ಜಾಗವಿಲ್ಲ ಎಂದಿದ್ದ. ಊರಿನ ಜಗಳಗಳಿಗೆ ರಾಜಿ ಮಾಡಿಸುವ ಮು ಎಂಬಾತ ಸ್ಕೂಟರ್ ಹತ್ತಿ ಅವಳ ಗಂಡನ ಊರಿಗೇ ಬಂದು, ಕಾನೂನಿನ ಪುಸ್ತಕ ತೆಗೆದು, "ನೋಡಮ್ಮ, ಕಾನೂನಲ್ಲಿ ಗಂಡು ಹೆಣ್ಣು ಒಂದೇ. ಹೆತ್ತವರನ್ನ ನೋಡ್ಕೊಳ್ಳೋ ಭಾರ ಮಗಳಿಗೂ ಇದೆ" ಎಂದು ಓದಿ ಹೇಳಿದ್ದ. ಅವನು ಓದುವ ಮೊದಲೇ ಅವಳು ಬಟ್ಟೆ ಗಂಟು ಕಟ್ಟಿಯಾಗಿತ್ತು. ಅಂದಿನಿಂದ ತವರಿನಲ್ಲೇ ಉಳಿದಳು. ನವಣೆ ಗಂಜಿ ಕುಡಿಸಿದಳು, ಮಗ್ಗುಲು ಹೊರಳಿಸಿದಳು, ಬೆನ್ನು ಹುಣ್ಣಾಗದಂತೆ ಕಾದಳು. ಚಾಂಗ್‌ಶೆಂಗ್ ಹೊಸ ವರ್ಷಕ್ಕೊಮ್ಮೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಅರ್ಧ ತಾನೇ ತಿಂದು ಹೋಗುತ್ತಿದ್ದ.

"ಬೋಗುಣಿ ನಾನು ಒಡೀತೀನಿ" ಎಂದಳು ಫೆಂಗ್‌ಚಿನ್.

"ಹೆಣ್ಣು ಒಡೆದ್ರೆ ನಿಮ್ಮಪ್ಪ ಅಲ್ಲಿ ಪಿಶಾಚಿಯಾಗಿ ಅಲೀತಾನೆ" ಎಂದ ಚಿಕ್ಕಪ್ಪ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಈ ಮನೆಗೆ ನೀನು ನೆಂಟಳು ಕಣೆ."

"ಹೇಲು ಉಚ್ಚೆ ಬಳಿಯೋವಾಗ ನೆಂಟಳು ಅಂತ ಯಾರೂ ಅನ್ಲಿಲ್ವಲ್ಲ, ಚಿಕ್ಕಪ್ಪ."

ಮು ನಡುವೆ ಬಂದ. "ಊರು ಅಂದ್ಮೇಲೆ ಸಂಪ್ರದಾಯ ಇರುತ್ತಲ್ಲಮ್ಮ. ಕುಟುಂಬ ಹೊಂದ್ಕೊಂಡು ಬಾಳ್ಬೇಕು ಅಂತ್ಲೂ ಕಾನೂನಲ್ಲೇ ಇದೆ."

"ಭಾರಿ ಪುಸ್ತಕ ಮು ಅಣ್ಣ ನಿಮ್ದು. ಚಾಕರಿಗೆ ಒಂದು ಹಾಳೆ, ಆಸ್ತಿಗೆ ಇನ್ನೊಂದು ಹಾಳೆ."

ಅಷ್ಟರಲ್ಲಿ ಹೊರುವವರು ಬೊಂಬು ಹೆಗಲಿಗೇರಿಸಿದ್ದರು. ಎತ್ತಿದ ಪೆಟ್ಟಿಗೆಯನ್ನು ಗುಣಿಯ ತನಕ ನೆಲಕ್ಕಿಡುವಂತಿಲ್ಲ. ಅಪ್ಪನನ್ನು ಗಾಳಿಯಲ್ಲಿ ತೂಗುಬಿಟ್ಟು ಜಗಳವಾಡಲು ಅವಳಿಗೆ ಮನಸ್ಸು ಬರಲಿಲ್ಲ. ಹಲ್ಲು ಕಚ್ಚಿ ಹಿಂದೆ ಸರಿದಳು. ಚಾಂಗ್‌ಶೆಂಗ್ ಬೋಗುಣಿಯನ್ನು ಬೀದಿಗೆ ಅಪ್ಪಳಿಸಿದ. ಒಂದೇ ಏಟಿಗೆ ಚೂರಾಯಿತು. ಚಿಕ್ಕಪ್ಪನ ಮುಖ ಅರಳಿತು.

ಆ ಊರಲ್ಲಿ ಹೆಂಗಸರು ಹೆಣದ ಹಿಂದೆ ಹೋಗುವುದು ಕೂಡುರಸ್ತೆಯವರೆಗೆ ಮಾತ್ರ. ಮಣ್ಣು ಮಾಡುವುದು ಗಂಡಸರ ಪಾಲು. ಉಳಿದ ಹೆಂಗಸರು ಅಲ್ಲೇ ಕುಳಿತು ಅತ್ತರು. ಫೆಂಗ್‌ಚಿನ್ ಅಪ್ಪನ ದಿಕ್ಕಿಗೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿದಳು, ಎದ್ದಳು, ಓಡುನಡಿಗೆಯಲ್ಲಿ ಮನೆಗೆ ಬಂದು ಹೆಬ್ಬಾಗಿಲಿಗೆ ಅಗಳಿ ಹಾಕಿದಳು. ಅಂಗಳದಲ್ಲಿ ಹಂದಿಮಾಂಸ, ಎಲೆಕೋಸು ಹಾಕಿದ ದೊಡ್ಡ ಹಂಡೆ ಕುದಿಯುತ್ತಿತ್ತು. ಸೌಟು ಹಿಡಿದಿದ್ದ ಪಕ್ಕದ ಮನೆಯಾಕೆ ಅಗಳಿಯನ್ನು ನೋಡಿದಳು, ಉರಿ ಸಣ್ಣ ಮಾಡಿದಳು.

ಗಂಡಸರು ಹಸಿದು ಬಂದರು.

"ಅಕ್ಕ, ಬಾಗ್ಲು ತೆಗಿ. ಬೋಗುಣಿ ಒಡೆದವನು ನಾನು" ಎಂದ ಚಾಂಗ್‌ಶೆಂಗ್.

"ಒಡೆದಿದ್ದೀಯಲ್ಲ, ಬೋಕಿ ಚೂರು ಬೀದೀಲೇ ಬಿದ್ದಿದೆ. ಒಂದೂ ಬಿಡದೆ ಆರಿಸ್ಕೊ."

ಹೊರುವವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವಳು ಒಂದು ಕದ ತೆರೆದು ಹೊಸ್ತಿಲ ಮೇಲೆ ನಿಂತಳು. "ನಮ್ಮಪ್ಪನ್ನ ಹೊತ್ತವರು ಬನ್ನಿ, ಉಣ್ಣಿ. ತಮ್ಮ, ನೀನೂ ಬಾ. ಆದ್ರೆ ನೆಂಟ ಅಂತ ಹೇಳಿ ಬಾ. ನೆಂಟರ ಬೆಂಚು ಆ ಕಡೆ ಇದೆ."

"ಒಳಗೆ ಕಾಲಿಟ್ಟೀಯ ಜೋಕೆ" ಎಂದು ಚಿಕ್ಕಪ್ಪ ಮಗನ ತೋಳು ಹಿಡಿದ. ಹೊರುವವರು ಅವರಿಬ್ಬರ ಪಕ್ಕದಿಂದ ಹಾದು ಒಬ್ಬೊಬ್ಬರೇ ಒಳಗೆ ಬಂದರು. ಹಸಿವೆಗೆ ಯಾವ ಕುಲ. ಮು ಕೂಡ ಬಂದ. ಎರಡು ಬಟ್ಟಲು ಮುಗಿಸಿ, ಮೂರನೆಯದನ್ನು ತುಂಬಿಸಿಕೊಂಡು, ಬಾಯೊರೆಸುತ್ತ ಹೇಳಿದ, "ಫೆಂಗ್‌ಚಿನ್, ಹಠ ಬೇಡ. ಅರ್ಧ ನಿಂಗೆ, ಅರ್ಧ ಅವನಿಗೆ. ರಾಜಿ ಮಾಡಿಬಿಡೋಣ."

"ಅವನು ಕೋರ್ಟಿಗೆ ಹೋಗ್ಲಿ. ನಾನೂ ಬರ್ತೀನಿ, ನೀವೂ ಬನ್ನಿ. ಜಡ್ಜ್ ಮುಂದೆ ನಿಂತು ಹೇಳಿ, ಇವತ್ತು ನೀವು ಉಂಡಿದ್ದು ಯಾರ ಮನೇಲಿ, ನಿಮ್ಮನ್ನ ಒಳಕ್ಕೆ ಕರೆದೋರು ಯಾರು ಅಂತ."

ಮು ತಲೆ ತಗ್ಗಿಸಿ ಬಟ್ಟಲನ್ನು ಬಾಯಿಗೆತ್ತಿದ. ಫೆಂಗ್‌ಚಿನ್ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಹೊಸ್ತಿಲಾಚೆ ಮಲಗಿದ್ದ ನಾಯಿಗೆ ಸುರಿದಳು.