ಮೇಸ್ತ್ರಿ ಚಿಕ್ಕಮಾರಯ್ಯನ ರುಮಾಲು

ಜಾಲಹಳ್ಳಿ ಕಡೆ ಕಾರ್ಖಾನೆಯ ಮನೆಗಳು ಏಳುತ್ತಿದ್ದ ಕಾಲದಲ್ಲಿ, ಅಬ್ಬಿಗೆರೆಯಿಂದ ಗಾರೆ ಹೊರಲು ಬರುತ್ತಿದ್ದ ರಾಮಲಕ್ಷ್ಮಮ್ಮನಿಗೆ ದೂರದಿಂದಲೇ ಕಾಣುತ್ತಿದ್ದುದು ಮೇಸ್ತ್ರಿ ಚಿಕ್ಕಮಾರಯ್ಯನ ಕೆಂಪು ರುಮಾಲು. ಉಣ್ಣುವಾಗಲೂ ಅದನ್ನು ತೆಗೆಯದ ಆಸಾಮಿ. ಅವನ ತಲೆಯನ್ನು ಹೆಂಡತಿಯೂ ಕಂಡಿಲ್ಲವೆಂದು ಹೆಣ್ಣಾಳುಗಳು ನಗುತ್ತಿದ್ದರು. ಗೋಡೆ ಸೊಟ್ಟಗಿದ್ದರೂ ಬೈಯುತ್ತಿದ್ದ, ನೆಟ್ಟಗಿದ್ದರೂ ಬೈಯುತ್ತಿದ್ದ. ಸಂಜೆಯಾದರೆ ಎಲ್ಲರಿಗೂ ಒಂದೇ ಮಾತು: "ನಾಳೆಯಿಂದ ಬರ್ಬೇಡ, ಓಗು!" ಯಾರಾದರೂ ನಿಜಕ್ಕೂ ಬರದಿದ್ದರೆ ಅವರ ಮನೆಬಾಗಿಲಿಗೇ ಹೋಗಿ ಕೂಗುತ್ತಿದ್ದ. ಎಳೆಗೂಸು ತರುವವರಿಗೆ ಕೆಲಸವಿಲ್ಲವೆಂದು ಕಂಟ್ರಾಕ್ಟರು ಹೇಳಿದ್ದರೂ, ಬೇರೆ ದಾರಿಯಿಲ್ಲದ ರಾಮಲಕ್ಷ್ಮಮ್ಮ ಒಂದು ದಿನ ಮೂರು ತಿಂಗಳ ಮಗಳನ್ನು ಮರಳಗುಡ್ಡೆಯ ಹಿಂದೆ ಮಲಗಿಸಿ ಗಾರೆ ಹೊತ್ತಳು. ಬಿಸಿಲೇರಿ ಮಗು ಚೀರಿದಾಗ, ಇವತ್ತಿಗೆ ಕೂಲಿ ಹೋಯಿತೆಂದು ಓಡಿಬಂದವಳು ಹಾಗೇ ನಿಂತಳು. ಹೊಂಗೆಕೊಂಬೆಗೆ ಕೆಂಪು ಜೋಲಿ ಕಟ್ಟಿ ಬೋಳುತಲೆಯ ಮೇಸ್ತ್ರಿ ತೂಗುತ್ತಿದ್ದ, "ಅಳ್ತೀಯಾ? ನಾಳೆಯಿಂದ ಬರ್ಬೇಡ!" ಎಂದು ಕೂಸಿಗೂ ಬೈಯುತ್ತ. ಅಷ್ಟರಲ್ಲಿ ಕಂಟ್ರಾಕ್ಟರು ಬಂದ. "ಏನಯ್ಯಾ, ರುಮಾಲೆಲ್ಲಿ?" "ಕೆಲ್ಸದಾಗೈತೆ ಸ್ವಾಮಿ. ಕೂಸುಗಳಿಗೊಂದು ಚಪ್ಪರ ಆಕ್ಸಿ, ರುಮಾಲು ತಲೆಗೆ ಬತ್ತದೆ. ಇವಳನ್ನ ಬಿಡ್ಸೋದಾದ್ರೆ ಮೊದ್ಲು ನನ್ನ ಬಿಡ್ಸಿ" ಎಂದ ಮೇಸ್ತ್ರಿ. ಅವನಿಲ್ಲದೆ ಗೋಡೆ ಏಳದೆಂದು ಕಂಟ್ರಾಕ್ಟರಿಗೆ ಗೊತ್ತಿತ್ತು. ವಾರದೊಳಗೆ ತೆಂಗಿನಗರಿಯ ಚಪ್ಪರವೆದ್ದಿತು. ಗಾರೆಯ ಮಂಕರಿ ಹೊರಲಾಗದ ಮುದುಕಿ ಲಕ್ಕಮ್ಮನಿಗೆ ಕೂಸುಗಳನ್ನು ಕಾಯುವ ಕೂಲಿ ಸಿಕ್ಕಿತು. ಚಪ್ಪರವೆದ್ದ ಸಂಜೆ, ಒಗೆದ ರುಮಾಲು ಸುತ್ತಿಕೊಂಡು ಮೇಸ್ತ್ರಿ ಗುಡುಗಿದ: "ನಾಳೆಯಿಂದ ಬರ್ಬೇಡ, ಓಗು!" ರಾಮಲಕ್ಷ್ಮಮ್ಮ ಮಗಳನ್ನು ಕಂಕುಳಿಗೇರಿಸಿ ನಕ್ಕಳು. "ಆಗ್ಲಿ ಮೇಸ್ತ್ರಣ್ಣಾ, ಒತ್ತಾರೆ ಬಿರ್ನೆ ಬತ್ತೀವಿ."